ಅಗಡಿನ ಸವಾರ, ಕಂಬಳದ ಓಟಗಾರ

ವಡೋದರೆಗೆ ಊರಿನಿಂದ ಬಂದ ನೆಂಟರಿಗೆ ನಾವು ಲಕ್ಷ್ಮೀವಿಲಾಸ ಅರಮನೆಯನ್ನು ತಪ್ಪದೆ ತೋರಿಸುತ್ತೇವೆ; ‘ಅಗಡ್’ ಎಂಬ ಹೆಸರನ್ನು ಎತ್ತುವುದು ಅಪರೂಪ. ಗಾಯಕವಾಡರ ಆಳ್ವಿಕೆಯಲ್ಲಿ ಆನೆಗಳ ಕಾಳಗ ನಡೆಯುತ್ತಿದ್ದ, ದಪ್ಪ ಗೋಡೆಗಳಿಂದ ಸುತ್ತುವರಿದ ಬಯಲು ಅದು. ಅಲ್ಲಿಯ ‘ಸಾಠಮಾರಿ’ ಎಂಬ ಆಟದಲ್ಲಿ ಮದವೇರಿದ ಆನೆಯೆದುರು ಮನುಷ್ಯರೇ ಇಳಿಯುತ್ತಿದ್ದರು.

1856ರಿಂದ 1870ರವರೆಗೆ ಆಳಿದ ಖಂಡೇರಾಯರಿಗೆ ಈ ಆಟದ ಹುಚ್ಚು ಬಹಳ. ಅವರ ಆಸ್ಥಾನಕ್ಕೆ ಬಂದಿದ್ದ ಫ್ರೆಂಚ್ ಪ್ರವಾಸಿ ಲೂಯಿ ರೂಸ್ಲೆ ಇದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಗೋಡೆಯಲ್ಲಿ ಮನುಷ್ಯ ನುಸುಳಬಹುದಾದ, ಆನೆ ತೂರಲಾಗದ ಕಿರುಬಾಗಿಲುಗಳು. ಬರಿಗಾಲಿನವರು ಆನೆಯನ್ನು ಕೆಣಕಿ ಅವುಗಳೊಳಗೆ ಮಾಯವಾಗುತ್ತಿದ್ದರು. ಕುದುರೆ ಸವಾರನ ಸರದಿ ಇನ್ನೂ ಕಠಿಣ: ಸೊಂಡಿಲಿಗೆ ಸಿಗಬಾರದೆಂದು ಕುದುರೆಯ ಬಾಲವನ್ನೇ ಮೊಟಕುಗೊಳಿಸಿರುತ್ತಿದ್ದರು. ಇಂಥ ಕುದುರೆಯಾಗಲಿ ಸವಾರನಾಗಲಿ ಒಂದೆರಡು ದಿನದಲ್ಲಿ ಸಿದ್ಧವಾಗುವಂಥದ್ದಲ್ಲ. 1875ರಲ್ಲಿ ವೇಲ್ಸ್ ರಾಜಕುಮಾರ ಬರೋಡೆಗೆ ಬಂದಾಗಲೂ ಅವನ ಮುಂದೆ ಪ್ರಾಣಿಕಾಳಗ ಏರ್ಪಟ್ಟಿತು. ಆದರೆ ಆ ವಿದ್ಯೆ ನಿಂತದ್ದು ಒಂದೇ ಅರಮನೆಯ ಖರ್ಚಿನ ಮೇಲೆ. ಅರಮನೆಯ ಕಾಲ ಮುಗಿಯುತ್ತಲೇ ಕಲಿಸುವವನಿಗೂ ಕಲಿಯುವವನಿಗೂ ಕಾರಣ ಉಳಿಯಲಿಲ್ಲ. ಆನೆಯ ಮಟ್ಟಿಗೆ ಅದು ಒಳ್ಳೆಯದೇ ಆಯಿತೆನ್ನಬೇಕು.

ಸೂರತ್ತಿನಲ್ಲೂ ಅಹಮದಾಬಾದಿನಲ್ಲೂ ಹೋಟೆಲು ನಡೆಸುವ ನಮ್ಮ ಕರಾವಳಿಯ ಬಂಧುಗಳಿಗೆ ಈ ಕಥೆ ಹೇಳಿದರೆ ಥಟ್ಟನೆ ನೆನಪಾಗುವುದು ಕಂಬಳ. ಅಲ್ಲಿಯೂ ಪ್ರಾಣಿ, ಅಲ್ಲಿಯೂ ಎಳೆಯ ಮೈಕಟ್ಟಿನ ಸಾಹಸ. ವ್ಯತ್ಯಾಸವಿರುವುದು ಆಶ್ರಯದಲ್ಲಿ. ತುಳುನಾಡಿನಲ್ಲಿ ಕೋಣ ಕಟ್ಟುವ ಮನೆಗಳು ಹಲವು. ಒಂದು ಮನೆ ಬಿಟ್ಟರೆ ಇನ್ನೊಂದು ಹಿಡಿಯುತ್ತದೆ. ಹುಡುಗರು ಆ ಮನೆಗಳಲ್ಲಿ ಕೋಣಗಳಿಗೆ ಹುರುಳಿ ಬೇಯಿಸಿ, ಎಣ್ಣೆ ತಿಕ್ಕಿ, ಮೀಯಿಸಿ, ಹಿರಿಯರ ಹಿಂದೆ ಓಡಿ ಕಲಿತವರು. ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳಲ್ಲಿ ಒಂದೊಂದಕ್ಕೂ ಬೇರೆಯೇ ಹದ ಬೇಕು. ಕನೆ ಹಲಗೆಯಲ್ಲಿ ವೇಗಕ್ಕಿಂತ ಹಲಗೆಯ ಮೇಲೆ ನಿಂತು ನೀರನ್ನು ಎಷ್ಟೆತ್ತರ ಚಿಮ್ಮಿಸಿದ ಎಂಬುದೇ ಲೆಕ್ಕ.

ಕಾರ್ಕಳ ತಾಲ್ಲೂಕಿನ ಮಿಯ್ಯಾರಿನಲ್ಲಿ 2011ರಲ್ಲಿ ಗುಣಪಾಲ ಕಡಂಬರ ಮುಂದಾಳತ್ವದಲ್ಲಿ ಕಂಬಳ ಅಕಾಡೆಮಿ ಹುಟ್ಟಿದ ಮೇಲೆ ಮನೆಯ ವಿದ್ಯೆ ತರಗತಿಯ ಪಾಠವಾಯಿತು. ವ್ಯಾಯಾಮ, ಯೋಗ, ಕೋಣಗಳ ಆರೈಕೆ, ಕರೆಯಲ್ಲಿ ಓಟ ಎಲ್ಲವೂ ಅದರಲ್ಲಿ ಸೇರಿದವು. ಹೀಗೆ ಕಲಿಸಬೇಕಾದ ಅಗತ್ಯ ಬೇಗನೆ ಇನ್ನಷ್ಟು ಹೆಚ್ಚಿತು. ಜಲ್ಲಿಕಟ್ಟನ್ನು ನಿಷೇಧಿಸಿದ 2014ರ ಸುಪ್ರೀಂ ಕೋರ್ಟ್ ತೀರ್ಪಿನ ನೆರಳು ಕಂಬಳದ ಮೇಲೂ ಬಿತ್ತು. 2017ರಲ್ಲಿ ಕರ್ನಾಟಕ ಕಾನೂನು ತಿದ್ದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಇಷ್ಟಾದರೂ ಬೆತ್ತದ ಪ್ರಶ್ನೆ ನ್ಯಾಯಾಲಯದಲ್ಲಿ ಮುಗಿಯುವಂಥದ್ದಲ್ಲ. ಬೀಸದೆ ಓಡಿಸುವುದನ್ನು ಹುಡುಗನಿಗೆ ಕಲಿಸದ ಗುರು ಅರ್ಧ ಗುರು ಎಂದೇ ನಮ್ಮ ಎಣಿಕೆ.

ಅಕಾಡೆಮಿಯ ಮೊದಲ ತಂಡದಲ್ಲಿದ್ದ ಅಶ್ವತ್ಥಪುರದ ಶ್ರೀನಿವಾಸ ಗೌಡರು 2020ರ ಫೆಬ್ರವರಿಯಲ್ಲಿ ಐಕಳದ 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದರು. ಯಾರೋ ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದರು, ದೇಶವೆಲ್ಲ ಉಸೇನ್ ಬೋಲ್ಟನ ಜಪ ಶುರುಮಾಡಿತು. ಕ್ರೀಡಾ ಪ್ರಾಧಿಕಾರದಿಂದ ಪರೀಕ್ಷಾ ಓಟಕ್ಕೆ ಕರೆಯೂ ಬಂತು. ಕೋಣಗಳ ಹಗ್ಗ ಹಿಡಿದು ಕೆಸರಿನಲ್ಲಿ ಓಡುವವನ ವೇಗದಲ್ಲಿ ಕೋಣಗಳ ಪಾಲನ್ನು ಮರೆತ ಲೆಕ್ಕವದು. ಗೌಡರು ಮರೆಯಲಿಲ್ಲ. ಕಂಬಳದಲ್ಲಿ ಹಿಮ್ಮಡಿಯ ಕೆಲಸ, ಟ್ರ್ಯಾಕಿನಲ್ಲಿ ಕಾಲ್ಬೆರಳುಗಳದು, ಎರಡೂ ಬೇರೆ ಎಂದು ಹೇಳಿ ಆ ಕರೆಯನ್ನು ನಯವಾಗಿ ನಿರಾಕರಿಸಿ, ಕಂಬಳದಲ್ಲೇ ಉಳಿದರು.