ಕಡೆಗೀಲಿನಿಂದ ಚೆಕ್‌ನಟ್ಟಿನವರೆಗೆ

ಯಲಬುರ್ಗಾದ ಎರೆಹೊಲದಲ್ಲೂ ಕುಷ್ಟಗಿಯ ಮಸಾರಿಯಲ್ಲೂ ಓಡಾಡಿದ ಹಳೆಯ ಬಂಡಿಗೆ ನಟ್ಟಿನ ಹಂಗಿರಲಿಲ್ಲ. ಅಚ್ಚಿನ ತುದಿಯ ತೂತಿಗೆ ಹೊಡೆದ ಕಡೆಗೀಲೇ ಗಾಲಿ ಕಳಚದಂತೆ ಹಿಡಿದಿರುತ್ತಿತ್ತು. ಸವೆದರೆ ಕಮ್ಮಾರ ಇನ್ನೊಂದು ಬಡಿದುಕೊಡುತ್ತಿದ್ದ. ಅದು ಆ ಒಂದು ಬಂಡಿಗೆ ಕೂತರೆ ಸಾಕಿತ್ತು.

ನಟ್ಟಿನ ಹಟವೇ ಬೇರೆ. ಎಲ್ಲೋ ಮಾಡಿದ್ದು ಇನ್ನೆಲ್ಲಿಯದೋ ಬೋಲ್ಟಿಗೆ ಕೂರಬೇಕು. ತಿರುಪಿನ ಕೋನ 55 ಡಿಗ್ರಿ, ಪ್ರತಿ ಅಳತೆಗೂ ಇಂಚಿಗೆ ಇಂತಿಷ್ಟೇ ಸುತ್ತು ಎಂದು ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಗೊತ್ತುಮಾಡಿದ ಮೇಲೆ ಆ ಹಟ ನಡೆಯಿತು. 1880ರ ದಶಕದಲ್ಲಿ ಹೊಸಪೇಟೆ–ಗದಗ ನಡುವಿನ ಸದರ್ನ್ ಮರಾಠಾ ರೈಲ್ವೆ ಕೊಪ್ಪಳವನ್ನು ಹಾದುಹೋಯಿತು. ಹಳಿಗೆ ಹಳಿ ಕೂಡುವಲ್ಲಿ ಫಿಶ್‌ಪ್ಲೇಟು, ಅದನ್ನು ಬಿಗಿಯಲು ಬೋಲ್ಟು-ನಟ್ಟು. ಗಾಡಿ ಹಾಯ್ದಂತೆಲ್ಲ ಅವು ಅದುರಿ ಸಡಿಲಾಗುತ್ತವೆ. ರೈಲ್ವೆಯ ಕೀಮ್ಯಾನ್ ಪಾನಾ, ಸುತ್ತಿಗೆ ಹೊತ್ತು ತನ್ನ ಪಾಲಿನ ಹಳಿಯನ್ನು ದಿನವೂ ನಡೆದು ನೋಡುವುದು ಇದಕ್ಕೇ.

ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾದಾಗಲೂ ಲೆಕ್ಕವೆಲ್ಲ ಅಡಿ-ಇಂಚಿನದೇ: 33 ಕ್ರಸ್ಟ್ ಗೇಟುಗಳು, ತಲಾ 60 ಅಡಿ ಅಗಲ, 20 ಅಡಿ ಎತ್ತರ. ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ.

ಎಡದಂಡೆ ಕಾಲುವೆ ಗಂಗಾವತಿಗೆ ಭತ್ತ ತಂದಿತು. ಭತ್ತದ ಬೆನ್ನಿಗೆ ರೈಸ್‌ಮಿಲ್ಲು, ಟ್ರ್ಯಾಕ್ಟರು, ಕಟಾವು ಯಂತ್ರ ಬಂದವು. ಜೊತೆಗೇ ಅಳತೆಗಳ ಜಗಳ. ಅರ್ಧ ಇಂಚಿನ ಬ್ರಿಟಿಷ್ ನಟ್ಟಿನಲ್ಲಿ ಇಂಚಿಗೆ 12 ಸುತ್ತು, ಅಮೆರಿಕದ್ದರಲ್ಲಿ 13. ಮೆಟ್ರಿಕ್‌ನ 12 ಮಿ.ಮೀ. ನಟ್ಟಿನಲ್ಲಿ ಸುತ್ತಿನಿಂದ ಸುತ್ತಿಗೆ 1.75 ಮಿ.ಮೀ. ನೋಡಲು ಮೂರೂ ಅಣ್ಣತಮ್ಮಂದಿರು. ತಪ್ಪು ಜೋಡಿ ಒಂದೆರಡು ಸುತ್ತು ಹೋಗಿ ಕಚ್ಚಿಕೊಳ್ಳುತ್ತದೆ; ಆಗ ಪಾನಾಕ್ಕೆ ಪೈಪು ಸಿಕ್ಕಿಸಿ ಬಲ ಹಾಕಿದರೆ ತಿರುಪೇ ಕೆಡುತ್ತದೆ.

ಹಗಲಿಡೀ ಅದುರುವ ಮಿಲ್ಲಿನ ಜರಡಿಯಲ್ಲಿ ಸಾದಾ ನಟ್ಟು ನಿಲ್ಲುವುದು ಕಷ್ಟ. ಒಂದರ ಮೇಲೊಂದು ಎರಡು ಬಿಗಿದರೆ ಚೆಕ್‌ನಟ್ಟು. ತೆಳ್ಳಗಿನದು ಕೆಳಗೆ, ದಪ್ಪನೆಯದು ಮೇಲೆ ಇರಬೇಕು, ಭಾರ ಹೊರುವುದು ಮೇಲಿನದೇ. ಹೆಚ್ಚಿನವರು ತಿರುವುಮುರುವು ಹಾಕುತ್ತಾರೆ. ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್ಟು ಇನ್ನೂ ಸುಲಭ, ಆದರೆ 120 ಡಿಗ್ರಿ ಸೆಲ್ಸಿಯಸ್ ಆಚೆಗೆ ಆ ಬಳೆ ಸೋಲುತ್ತದೆ. ಎಂಜಿನ್ನಿನ ಸೈಲೆನ್ಸರ್ ಬಳಿ ಅದನ್ನು ಹಾಕುವಂತಿಲ್ಲ.

ಟ್ರ್ಯಾಕ್ಟರಿನ ಮುಂದಿನ ಗಾಲಿಯ ಮುಚ್ಚಳ ಬಿಚ್ಚಿದರೆ ಸಾಮಾನ್ಯವಾಗಿ ಕಾಣುವುದು ಕೋಟೆಯ ತೆನೆಯಂತೆ ಸೀಳಿದ ಕ್ಯಾಸಲ್ ನಟ್ಟು. ಆ ಸೀಳಿನಿಂದ ಅಚ್ಚಿನ ತೂತಿಗೆ ತೂರಿ ಬಾಗಿಸಿದ ಸ್ಪ್ಲಿಟ್ ಪಿನ್ನು ಕಡೆಗೀಲಿನ ಮೊಮ್ಮಗನೇ. ಒಂದೇ ವ್ಯತ್ಯಾಸ: ಕಡೆಗೀಲನ್ನು ಕಿತ್ತು ಮತ್ತೆ ಹೊಡೆಯಬಹುದಿತ್ತು, ಬಿಚ್ಚಿದ ಪಿನ್ನನ್ನು ಎಸೆದು ಹೊಸದು ಹಾಕಬೇಕು.