ತೆಂಗಿನ ಸೀಮೆಯ ಮೊಕ್ಕಾಂ

ಹಳೆಯ ಮೈಸೂರಿನವರಿಗೆ ‘ರೆಸಿಡೆನ್ಸಿ’ ಎಂಬ ಪದ ಹೊಸದಲ್ಲ. ಬ್ರಿಟಿಷ್ ರೆಸಿಡೆಂಟ್ ವಾಸವಿದ್ದ ಬಂಗಲೆಗೆ ಆ ಹೆಸರಿತ್ತು. ಬೆಂಗಳೂರಿನ ರೆಸಿಡೆನ್ಸಿ ರಸ್ತೆ ಅದರ ನೆನಪನ್ನು ಉಳಿಸಿಕೊಂಡಿದೆ. ಅಲ್ಲಿ ಬಂದು ಕುಳಿತವನು ಆಳಲು ಬಂದವನು. ಈಗ ಅದೇ ಪದಕ್ಕೆ ಬೇರೊಂದು ಅರ್ಥ ಕೂಡಿಕೊಂಡಿದೆ. ಹಲವು ದೇಶಗಳ ಎಳೆಯ ಸಂಗೀತಗಾರರನ್ನು ಕರೆಸಿ, ಕೆಲಕಾಲ ಒಂದೇ ಸೂರಿನಡಿ ಇರಿಸಿ, ಒಬ್ಬರ ಸಂಗೀತವನ್ನು ಇನ್ನೊಬ್ಬರು ಅರಿಯುವಂತೆ ಮಾಡುವ ಏರ್ಪಾಡಿಗೂ ರೆಸಿಡೆನ್ಸಿ ಎನ್ನುತ್ತಾರೆ. ಇಲ್ಲಿಗೆ ಬಂದವನು ಕಲಿಯಲು ಬಂದವನು.

ನಮ್ಮ ಕಾಲದಲ್ಲಿ ಇದಕ್ಕೆ ದೊಡ್ಡ ಹೆಸರು ತಂದದ್ದು ‘ವೆಸ್ಟ್-ಈಸ್ಟರ್ನ್ ದಿವಾನ್’ ವಾದ್ಯವೃಂದ. 1999ರಲ್ಲಿ ಜರ್ಮನಿಯ ವೈಮರ್ ನಗರದಲ್ಲಿ ಪ್ಯಾಲೆಸ್ಟೀನ್ ಮೂಲದ ಚಿಂತಕ ಎಡ್ವರ್ಡ್ ಸೈದ್ ಮತ್ತು ಯಹೂದಿ ಸಂಗೀತ ನಿರ್ದೇಶಕ ಡೇನಿಯಲ್ ಬಾರೆನ್‌ಬಾಯಿಮ್ ಸೇರಿ ಅರಬ್ ದೇಶಗಳ ಹಾಗೂ ಇಸ್ರೇಲಿನ ಯುವಕ ಯುವತಿಯರನ್ನು ಒಟ್ಟಿಗೆ ಕೂರಿಸಿದರು. ಪಾರಸಿ ಕವಿ ಹಾಫಿಜ್‌ನಿಂದ ಪ್ರೇರಣೆ ಪಡೆದು ಗಯಟೆ 1819ರಲ್ಲಿ ಪ್ರಕಟಿಸಿದ ‘ದಿವಾನ್’ ಸಂಕಲನದಿಂದಲೇ ಈ ಹೆಸರು ಬಂದಿದೆ. ಸೈದ್ 2003ರಲ್ಲಿ ತೀರಿಕೊಂಡರು. ಅವರಿಬ್ಬರ ಹೆಸರಿನ ಸಂಗೀತ ಅಕಾಡೆಮಿ 2016ರಲ್ಲಿ ಬರ್ಲಿನ್‌ನಲ್ಲಿ ಶುರುವಾಯಿತು. ಇದರಿಂದ ಯುದ್ಧ ನಿಂತಿತೇ ಎಂದು ಕೇಳುವವರಿದ್ದಾರೆ. ನಿಲ್ಲಲಿಲ್ಲ. ಪಿಟೀಲಿನಿಂದ ಯುದ್ಧ ನಿಲ್ಲುತ್ತದೆಂದು ಅದನ್ನು ಕಟ್ಟಿದವರೂ ಹೇಳಿರಲಿಲ್ಲ. ಪಕ್ಕದಲ್ಲಿ ಕುಳಿತವನ ಸ್ವರ ಕೇಳಿಸಿಕೊಳ್ಳದೆ ತನ್ನ ಸ್ವರ ನುಡಿಸಲಾಗದು ಎಂಬ ಪಾಠವನ್ನಷ್ಟೇ ಅವರು ಕಲಿಸಲು ಹೊರಟಿದ್ದರು.

ಇಂಥ ಸುದ್ದಿ ಓದಿದಾಗ ಇದು ಶ್ರೀಮಂತ ದೇಶಗಳ ಬಾಬತ್ತು, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ತೆಂಗು ಬೆಳೆಗಾರರಿಗೂ ಇದಕ್ಕೂ ಏನು ಸಂಬಂಧ ಎಂದು ನಮಗೆ ಅನ್ನಿಸುವುದು ಸಹಜ. ಆದರೆ ಇತಿಹಾಸದ ಲೆಕ್ಕದ ಪುಸ್ತಕ ತೆರೆದು ನೋಡಿದರೆ ಸಂಬಂಧ ಇದೆ.

ಈ ಮೂರೂ ತಾಲೂಕುಗಳು ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನದ ಅರಮನೆ ನಾಡಿನ ನಾನಾ ದಿಕ್ಕಿನ ಸಂಗೀತಗಾರರಿಗೆ ತಂಗುದಾಣವಾಗಿತ್ತು. ವೀಣೆ ಶೇಷಣ್ಣನವರಂಥ ದಿಗ್ಗಜರಿದ್ದ ಆಸ್ಥಾನಕ್ಕೆ ಆಗ್ರಾ ಘರಾಣೆಯ ನತ್ಥನ್ ಖಾನ್ ಬಂದು ನೆಲೆಸಿದರು. ಅದೇ ಘರಾಣೆಯ ಫೈಯಾಜ್ ಖಾನರಿಗೆ ‘ಆಫ್ತಾಬ್-ಎ-ಮೌಸೀಕಿ’, ಅಂದರೆ ಸಂಗೀತದ ಸೂರ್ಯ, ಎಂಬ ಬಿರುದು ಸಿಕ್ಕಿದ್ದು ಮೈಸೂರಿನಲ್ಲಿ. ಅರ್ಮೇನಿಯನ್ ಮೂಲದ ಕುಟುಂಬದಲ್ಲಿ ಹುಟ್ಟಿ, 1902ರಲ್ಲೇ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ 1928ರಲ್ಲಿ ಅರಮನೆಯ ಸಂಗೀತಗಾರ್ತಿಯಾಗಿ ನೇಮಕಗೊಂಡರು. 1930ರ ಜನವರಿಯಲ್ಲಿ ಅವರು ಕಣ್ಣು ಮುಚ್ಚಿದ್ದೂ ಮೈಸೂರಿನಲ್ಲೇ.

ಮೈಸೂರಿಗೆ ಬಂದು ಹೋಗುತ್ತಿದ್ದವರಲ್ಲಿ ಕಿರಾಣಾದ ಅಬ್ದುಲ್ ಕರೀಂ ಖಾನ್ ಒಬ್ಬರು. ಅವರು ಕರ್ನಾಟಕ ಸಂಗೀತವನ್ನು ಕಿವಿಗೊಟ್ಟು ಕೇಳಿದರು; ತ್ಯಾಗರಾಜರ ಕೃತಿಯನ್ನು ಹಾಡಿ ಧ್ವನಿಮುದ್ರಿಸಿದರು; ಸ್ವರಗಳನ್ನೇ ಹಾಡುವ ಸರ್ಗಮ್‌ನಲ್ಲಿ ದಕ್ಷಿಣದ ಕ್ರಮವನ್ನು ತಮ್ಮದಾಗಿಸಿಕೊಂಡರು. ಅವರ ಶಾಗಿರ್ದ್ ಕುಂದಗೋಳದ ಸವಾಯಿ ಗಂಧರ್ವರು. ಸವಾಯಿ ಗಂಧರ್ವರ ಶಿಷ್ಯರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಉಸ್ತಾದರ ಪಯಣದ ದಾರಿಯಲ್ಲಿ ಬಿದ್ದ ಬೀಜ ಕನ್ನಡ ನೆಲದಲ್ಲಿ ಮರವಾದ ಬಗೆ ಇದು.

ಮುಂದೆ ಜಯಚಾಮರಾಜ ಒಡೆಯರ ಕೈ ಸಮುದ್ರದಾಚೆಗೂ ಚಾಚಿತು. ತಾಯ್ನಾಡು ಬಿಟ್ಟು ಲಂಡನ್ನಿನಲ್ಲಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳು 1940ರ ದಶಕದ ಕೊನೆಯಲ್ಲಿ ಧ್ವನಿಮುದ್ರಣಗೊಂಡದ್ದು ಮಹಾರಾಜರ ಹಣದಿಂದ. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೊವನ್ನು ಅವರಿಗೆ ಅರ್ಪಿಸಿದರು. 1950ರಲ್ಲಿ ರಿಚರ್ಡ್ ಸ್ಟ್ರಾಸ್ ಅವರ ಕೊನೆಯ ಗೀತೆಗಳು ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದದ್ದರ ಹಿಂದೆಯೂ ಮೈಸೂರಿನ ಹಣವಿತ್ತು.

ಆ ಹಣ ಎಲ್ಲಿಂದ ಬಂತು? ಅರಮನೆಯ ಐಸಿರಿ ಹುಟ್ಟಿದ್ದು ಸಂಸ್ಥಾನದ ಹುಟ್ಟುವಳಿಯಿಂದ. ಆ ಹುಟ್ಟುವಳಿಯಲ್ಲಿ ತೆಂಗಿನ ಸೀಮೆಯ ರೈತ ಕಟ್ಟಿದ ಕಂದಾಯವೂ ಸೇರಿತ್ತು. ಉಸ್ತಾದರ ಊಟದಲ್ಲಿ, ಲಂಡನ್ನಿನ ಪಿಯಾನೋದಲ್ಲಿ ಅವನ ಪಾಲಿತ್ತು. ಆದರೆ ದರ್ಬಾರಿನ ಮೆಹಫಿಲ್ ಅವನ ಕಿವಿಗೆ ಬೀಳಲಿಲ್ಲ. ರಾಜರ ರಸಿಕತೆಯನ್ನು ಹೊಗಳುವಾಗ ನಾವು ಈ ಮಾತನ್ನೂ ಸೇರಿಸಿ ಹೇಳಬೇಕು.

ಆ ಬಾಕಿಯನ್ನು ಒಂದಿಷ್ಟಾದರೂ ತೀರಿಸಿದ್ದು ನಾಟಕ ಕಂಪನಿಯ ಡೇರೆ. ತುಮಕೂರಿನಿಂದ ತಿಪಟೂರಿಗೆ ಹೋಗುವ ರೈಲು ದಾರಿಯಲ್ಲಿ ಗುಬ್ಬಿ ಸಿಗುತ್ತದೆ. 1884ರಲ್ಲಿ ಅಲ್ಲಿ ಚಂದಣ್ಣ, ಸುಳ್ಳದಪ್ಪ ಮತ್ತು ಅಬ್ದುಲ್ ಅಜೀಜ್ ಸಾಹೇಬ್ ಎಂಬ ಮೂವರು ಗೆಳೆಯರು ಕಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯೇ ಮುಂದೆ ಗುಬ್ಬಿ ವೀರಣ್ಣನವರ (1891–1972) ಕೈಯಲ್ಲಿ ನಾಡಿಗೆಲ್ಲ ಹೆಸರಾಯಿತು. ವೀರಣ್ಣನವರ ಹೆಸರನ್ನು ಎಲ್ಲರೂ ಬಲ್ಲರು. ಚನ್ನಬಸವೇಶ್ವರನ ಹೆಸರಿನ ಕಂಪನಿಗೆ ಅಡಿಗಲ್ಲು ಇಟ್ಟವರಲ್ಲಿ ಒಬ್ಬ ಸಾಹೇಬರಿದ್ದರು ಎಂಬುದನ್ನು ನಮ್ಮ ಮಕ್ಕಳಿಗೆ ಎಷ್ಟು ಮಂದಿ ಹೇಳಿದ್ದೇವೆ?

ಕಂಪನಿಯೆಂದರೆ ಒಂದು ಸಂಚಾರಿ ಮನೆ. ಒಂದೇ ಅಡಿಗೆ, ಒಂದೇ ಪಂಕ್ತಿ, ಒಂದೇ ತಾಲೀಮು. ಯುರೋಪಿನಿಂದ ಬಂದ ಹಾರ್ಮೋನಿಯಂ, ಪಾರ್ಸಿ ರಂಗಭೂಮಿಯ ಧಾಟಿ, ಹಿಂದೂಸ್ತಾನಿ ಮಟ್ಟು, ಕರ್ನಾಟಕ ರಾಗ ಎಲ್ಲವೂ ಕಂಪನಿ ನಾಟಕದ ಹಾಡಿನೊಳಗೆ ಕೂಡಿಕೊಂಡವು. ತಿಪಟೂರಿನ ನರಸಿಂಹರಾಜು, ಗಾಜನೂರಿನ ಮುತ್ತುರಾಜ ಅಲ್ಲಿ ಪಳಗಿದರು; ಆ ಮುತ್ತುರಾಜನೇ ಮುಂದೆ ರಾಜ್‌ಕುಮಾರ್. ಮನೆ ಬಿಟ್ಟು ಬಂದು ಸೇರಿಕೊಂಡ ಕರಾವಳಿಯ ಹುಡುಗ ಬಿ.ವಿ. ಕಾರಂತರನ್ನು ವೀರಣ್ಣನವರೇ ಕಾಶಿಗೆ ಓದಲು ಕಳಿಸಿದರು. ಕಾರಂತರು ಅಲ್ಲಿ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ ಕಲಿತು, ಕನ್ನಡ ರಂಗಸಂಗೀತದ ದಿಕ್ಕನ್ನೇ ಬದಲಿಸಿದರು.

ಕಂಪನಿಯವರು ಬೀಡುಬಿಟ್ಟ ಊರಿಗೆ ‘ಮೊಕ್ಕಾಂ’ ಎನ್ನುತ್ತಿದ್ದರು. ಇದು ಅರಬ್ಬಿಯಿಂದ ಉರ್ದುವಿನ ಮೂಲಕ ಕನ್ನಡಕ್ಕೆ ಬಂದ ಪದ. ಅರಬ್ ಸಂಗೀತದಲ್ಲಿ ನಮ್ಮ ರಾಗಕ್ಕೆ ಸಮೀಪವಾದ ‘ಮಕಾಮ್’ ಕೂಡ ಅದೇ ಬೇರಿನದು. ತಂಗುವ ಜಾಗಕ್ಕೂ ಹಾಡುವ ರಾಗಕ್ಕೂ ಒಂದೇ ಬೇರು. ರೆಸಿಡೆನ್ಸಿಗೆ ಕನ್ನಡದಲ್ಲಿ ಪದ ಹುಡುಕುವವರು ದೂರ ಹೋಗಬೇಕಿಲ್ಲ. ಇರಾಕಿನ ಮಕಾಮ್ ಗಾಯನಕ್ಕೆ ‘ಜೋಜಾ’ ಎಂಬ ನಾಲ್ಕು ತಂತಿಯ ಕಮಾನು ವಾದ್ಯದ ಸಾಥ್ ಇರುತ್ತದೆ. ಅದರ ಒಡಲು ತೆಂಗಿನ ಕರಟ. ಅರಬ್ಬಿಯಲ್ಲಿ ತೆಂಗಿನಕಾಯಿಗೆ ‘ಹಿಂದ್‌ನ ಕಾಯಿ’ ಎಂಬ ಅರ್ಥದ ಹೆಸರೇ ಇದೆ. ನಾವು ಒಲೆಗೆ ಹಾಕುವ ಕರಟ ಬಗ್ದಾದಿನ ಕಲಾವಿದನ ಮಡಿಲಲ್ಲಿ ಹಾಡುತ್ತದೆ.

ಈಗ ನಮ್ಮ ಸೀಮೆಯ ಹುಡುಗನಿಗೆ ಸಂಗೀತ ಕಲಿಯಬೇಕೆನಿಸಿದರೆ ಬೆಂಗಳೂರಿಗೆ ಹೋಗಬೇಕು, ಇಲ್ಲವೇ ಮೊಬೈಲ್ ನೋಡಬೇಕು. ಮೊಬೈಲಿನಲ್ಲಿ ಇಡೀ ಜಗತ್ತಿನ ಸಂಗೀತ ಸಿಗುತ್ತದೆ, ನಿಜ. ಆದರೆ ಕೇಳುವುದು ಬೇರೆ, ಜೊತೆಗಿದ್ದು ಕಲಿಯುವುದು ಬೇರೆ. ಈ ವ್ಯತ್ಯಾಸ ತಿಪಟೂರಿನ ಉಂಡೆ ಕೊಬ್ಬರಿ ಮಾಡುವವರಿಗೆ ಚೆನ್ನಾಗಿ ಗೊತ್ತು. ಕಾಯಿ ಕಿತ್ತ ಮಾರನೆಯ ದಿನ ಕೊಬ್ಬರಿಯಾಗುವುದಿಲ್ಲ. ಹತ್ತಿರ ಹತ್ತಿರ ಒಂದು ವರ್ಷ ಅದು ಅಟ್ಟದ ಮೇಲೆ ಇರಬೇಕು. ಒಳಗಿನ ನೀರು ಆರಿ, ಕೊಬ್ಬರಿ ಕರಟ ಬಿಟ್ಟು, ಅಲುಗಿಸಿದರೆ ಸದ್ದು ಮಾಡಬೇಕು. ಅವಸರಪಟ್ಟು ಒಡೆದರೆ ಎರಡೂ ಕೆಡುತ್ತವೆ. ಒಂದು ವಾರದ ಉತ್ಸವ, ಒಂದು ಶಾಲು, ಒಂದು ಫೋಟೋ ಇವುಗಳಿಂದ ಸಂಸ್ಕೃತಿಗಳ ಕೊಡುಕೊಳೆ ಆಗಿಬಿಡುತ್ತದೆಂದು ನಂಬಿದವರು ಈ ಅಟ್ಟ ಹತ್ತಿ ನೋಡಬೇಕು.

ಧಾರವಾಡದ ಒಬ್ಬ ಸಿತಾರ್ ಹುಡುಗ, ಬಗ್ದಾದಿನ ಒಬ್ಬ ಜೋಜಾ ಕಲಿಯುವವನು, ಮೈಸೂರಿನ ಒಬ್ಬ ವೀಣೆಯ ಹುಡುಗಿ ಒಂದು ವರ್ಷ ತೆಂಗಿನ ತೋಟದ ಮನೆಯೊಂದರಲ್ಲಿ ಇದ್ದು ಕಲಿತು, ಸಂತೆಯ ಸಂಜೆ ಕೊಬ್ಬರಿ ಮಂಡಿಯ ಅಂಗಳದಲ್ಲಿ ನುಡಿಸಿದರೆ ಹೇಗೆ? ಖರ್ಚು ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಬರುತ್ತದೆ. ಲಂಡನ್ನಿನ ಸಂಗೀತಕ್ಕೆ ಪಾಲು ಕೊಟ್ಟ ಸೀಮೆ ತನ್ನ ಅಂಗಳದ ಸಂಗೀತಕ್ಕೆ ಕೊಡಲಾರದೇ? ನೂರಾರು ವರ್ಷದಿಂದ ಕಟ್ಟುತ್ತ ಬಂದವರಿಗೆ ಒಮ್ಮೆ ಮುಂದಿನ ಸಾಲಿನಲ್ಲಿ ಕುಳಿತು ಕೇಳುವ ಹಕ್ಕಂತೂ ಇದೆ.