ಕಣ್ಣಿನೊಳಗಿನ ಒಂದು ಬಿಳಿ ಗೆರೆಯ ಇತಿಹಾಸ

ಊರಿಂದ ಬಂದ ಅಪ್ಪ-ಅಮ್ಮನ ಕಣ್ಣು ತೋರಿಸೋಕೆ ನೋಯ್ಡಾ, ಗುರುಗ್ರಾಮದಿಂದ ಏಮ್ಸ್‌ಗೆ ಹೋದವರು ನಮ್ಮಲ್ಲಿ ಕೆಲವರಾದರೂ ಇರಬೇಕು. ಅಲ್ಲಿನ ಡಾ. ರಾಜೇಂದ್ರ ಪ್ರಸಾದ್ ನೇತ್ರ ಕೇಂದ್ರ ಶುರುವಾದದ್ದು 1967ರಲ್ಲಿ. ಆಗ ಡಾಕ್ಟರು ಬದುಕಿರುವವರ ರೆಟಿನಾವನ್ನು ಎದುರಿನಿಂದ ನೋಡಬಹುದಿತ್ತು. ಆದರೆ ಅದರ ಪದರಗಳನ್ನು ಬಿಡಿಬಿಡಿಯಾಗಿ ನೋಡೋಕೆ ತೀರಿಕೊಂಡವರ ಕಣ್ಣೇ ಬೇಕಿತ್ತು.

ಏಮ್ಸ್‌ನ ರಾಷ್ಟ್ರೀಯ ನೇತ್ರ ಬ್ಯಾಂಕ್ 1965ರದು. ಅಲ್ಲಿನದೇ ಅಂಗರಚನಾ ವಿಭಾಗದಲ್ಲಿ ಶಶಿ ವಾಧ್ವಾ, ಟಿ.ಸಿ. ನಾಗ್ ಮಾನವ ರೆಟಿನಾವನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿದರು. ವಯಸ್ಸಾದಂತೆ ಬೆಳಕು ಹಿಡಿಯುವ ಕೋಶಗಳ ಮೈಟೋಕಾಂಡ್ರಿಯಾ ಹೇಗೆ ಕೆಡುತ್ತವೆ ಅನ್ನೋದೂ ಅದರಲ್ಲಿತ್ತು.

ಇತ್ತ 1991ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫುಜಿಮೊಟೊ ತಂಡ ಓಸಿಟಿ ಪ್ರಕಟಿಸಿತು. ಗಲ್ಲ ಊರಿ ಕೂರಿಸಿ ಮಾಡ್ತಾರಲ್ಲ, ಅದೇ ಸ್ಕ್ಯಾನ್. ಬೆಳಕನ್ನು ಎರಡಾಗಿ ಒಡೆದು ಒಂದನ್ನು ಕನ್ನಡಿಗೆ, ಇನ್ನೊಂದನ್ನು ಕಣ್ಣಿಗೆ ಕಳಿಸಿ, ವಾಪಸ್ ಬಂದಾಗ ಕೂಡಿಸೋದು. ಮೊದಮೊದಲು ಆಳ ಅಳೆಯೋಕೆ ಕನ್ನಡಿಯನ್ನೇ ಹಿಂದೆ ಮುಂದೆ ಸರಿಸಬೇಕಿತ್ತು. ಆಮೇಲೆ ಬಂದ ಯಂತ್ರಗಳಲ್ಲಿ ಕನ್ನಡಿ ಸುಮ್ಮನಿರುತ್ತೆ. ಬಣ್ಣಬಣ್ಣದ ಬೆಳಕಿನ ಏರಿಳಿತ ದಾಖಲಿಸಿ ಎಫ್‌ಎಫ್‌ಟಿ ಹಾಕಿದರೆ ಎಲ್ಲ ಆಳವೂ ಒಟ್ಟಿಗೆ ಸಿಗುತ್ತೆ. ಹೌದು, ನಾವು ಪರೀಕ್ಷೆಗಷ್ಟೇ ಓದಿ ಬಿಟ್ಟ ಅದೇ ಎಫ್‌ಎಫ್‌ಟಿ. ರಿಯಲ್ ಸಿಗ್ನಲ್‌ನ ಎಫ್‌ಎಫ್‌ಟಿಯಲ್ಲಿ ಎರಡು ಬದಿಯೂ ಒಂದೇ ಥರ ಬರುತ್ತೆ ಅಂತ ನೆನಪಿದೆಯಾ? ಅದಕ್ಕೇ ಕಣ್ಣು ಸರಿಯಾದ ದೂರದಲ್ಲಿ ಇಲ್ಲದಿದ್ದರೆ ಚಿತ್ರದ ಅಂಚಲ್ಲಿ ರೆಟಿನಾ ತಲೆಕೆಳಗಾಗಿ ಕಾಣುತ್ತೆ.

ಅಂದರೆ ಇದು ಲೆಕ್ಕ ಹಾಕಿ ಕಟ್ಟಿದ ಚಿತ್ರ. ಎಲ್ಲಿಂದ ಎಷ್ಟು ಬೆಳಕು ವಾಪಸ್ ಬಂತು ಅಂತಷ್ಟೇ ಅದಕ್ಕೆ ಗೊತ್ತು. ಅಲ್ಲಿ ಇರೋದೇನು ಅಂತ ಗೊತ್ತಿಲ್ಲ. ನನಗೆ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸೋದು ಇದೇ. ಸ್ಕ್ಯಾನಿನಲ್ಲಿ ಹೊಳೆಯೋ ಒಂದು ಗೆರೆಯನ್ನು ಬೆಳಕು ಹಿಡಿಯುವ ಕೋಶದ ಒಳಭಾಗ, ಹೊರಭಾಗ ಸೇರುವ ಜಾಗ ಅಂತ ವರ್ಷಗಳ ಕಾಲ ಕರೆದರು. 2011ರಲ್ಲಿ ಸ್ಪೇಡ್ ಮತ್ತು ಕರ್ಸಿಯೋ ಅಂಗಾಂಶದ ಅಳತೆಗಳ ಜೊತೆ ಹೋಲಿಸಿ, ಅದು ಮೈಟೋಕಾಂಡ್ರಿಯಾ ಕಿಕ್ಕಿರಿದ ಎಲಿಪ್ಸಾಯ್ಡ್ ಭಾಗ ಅಂದರು. 2014ರಲ್ಲಿ ಅಂತರರಾಷ್ಟ್ರೀಯ ತಜ್ಞರ ಗುಂಪು ಅದಕ್ಕೆ ಎಲಿಪ್ಸಾಯ್ಡ್ ಝೋನ್ ಅಂತ ಹೆಸರಿಟ್ಟಿತು. ಒಂದೊಂದೇ ಮೈಟೋಕಾಂಡ್ರಿಯಾವನ್ನು ಆಸ್ಪತ್ರೆಯ ಓಸಿಟಿ ತೋರಿಸಲಾರದು. ಅದಕ್ಕೆ ಇವತ್ತಿಗೂ ದಾನ ಬಂದ ಕಣ್ಣು, ಎಲೆಕ್ಟ್ರಾನ್ ಮೈಕ್ರೋಸ್ಕೋಪೇ ಬೇಕು.

ಅಪ್ಪನ ರಿಪೋರ್ಟ್‌ನಲ್ಲಿ 'ಇಝಡ್' ಅಂತ ಎರಡಕ್ಷರ ಕಂಡರೆ, ಅದು ಈ ಗೆರೆಯೇ. ಹೆಸರಿನ ವಾದ ಮಾತ್ರ ಸಂಶೋಧಕರಲ್ಲಿ ಇನ್ನೂ ಪೂರ್ತಿ ತಣ್ಣಗಾಗಿಲ್ಲ.